ಯಜಮಾನ್ರಿಗೆ ಫೋನ್ ಕೊಡಿ

ನಮ್ಮ ಮನೆಯ ಪಿಕಪ್ ಗಾಡಿಯ ಆರ್.ಸಿ.ಯಲ್ಲಿರುವುದು ನನ್ನ ಹೆಸರು. ಬ್ಯಾಂಕಿನ ಸಾಲ ನನ್ನದು, ತಿಂಗಳ ಕಂತು ನನ್ನದು, ವಾರಕ್ಕೆರಡು ಸಲ ಉಪ್ಪಿನಕಾಯಿ, ಹಪ್ಪಳದ ಡಬ್ಬಗಳನ್ನು ಹೇರಿಕೊಂಡು ಸಾಗರದಿಂದ ಶಿವಮೊಗ್ಗಕ್ಕೆ ಅದನ್ನು ಓಡಿಸುವವಳೂ ನಾನೇ. ಇಷ್ಟೆಲ್ಲ ಇದ್ದೂ, ಒಂದು ಬೆಳಿಗ್ಗೆ ಆ ಗಾಡಿ ಸ್ಟಾರ್ಟ್ ಆಗದೆ ನಿಂತಾಗ, ಅದರ ಬಗ್ಗೆ ಮಾತಾಡುವ ಹಕ್ಕು ನಮ್ಮ ಬೀದಿಯಲ್ಲಿ ನನ್ನೊಬ್ಬಳಿಗೆ ಬಿಟ್ಟು ಉಳಿದೆಲ್ಲರಿಗೂ ಇದೆ ಎಂದು ತಿಳಿಯಿತು.

ಆಷಾಢದ ಜಡಿಮಳೆ. ಆರು ಗಂಟೆಗೇ ಡಬ್ಬಗಳನ್ನೆಲ್ಲ ಏರಿಸಿ, ಟಾರ್ಪಾಲು ಕಟ್ಟಿ, ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದೆ. "ಟಕ್" ಎಂದಿತು. ಅಷ್ಟೇ. ಮತ್ತೆ ತಿರುಗಿಸಿದೆ. ಮತ್ತೆ ಒಂದು "ಟಕ್". ಮೀಟರಿನ ದೀಪಗಳು ಉರಿಯುತ್ತಿದ್ದವು, ಹಾರನ್ ಒತ್ತಿದರೆ ಕೂಗಿತು. ಎಂಜಿನ್ ಮಾತ್ರ ಮಿಸುಕಲಿಲ್ಲ.

ಆ ಹಾರನ್ ಕೇಳಿಯೋ ಏನೋ, ಐದು ನಿಮಿಷದಲ್ಲಿ ನಾಲ್ಕು ಛತ್ರಿಗಳು ನಮ್ಮ ಗೇಟಿನಲ್ಲಿ ಸೇರಿದವು. ಹಾಲಿನವನು ಡೀಸೆಲ್ ಮುಗಿದಿದೆ ಎಂದ. ಮಹಡಿ ಮನೆಯ ಬಾಡಿಗೆಯವರು ಮಳೆ ನೀರು ಒಳಗೆ ಹೊಕ್ಕಿದೆ ಎಂದರು. ವಾಕಿಂಗ್ ಹೊರಟಿದ್ದ ನಿವೃತ್ತ ಗುಮಾಸ್ತರು ಬ್ಯಾಟರಿ ಸತ್ತಿದೆ ಎಂದು ತೀರ್ಪು ಕೊಟ್ಟರು. ಎದುರು ಮನೆಯ ಹಿರಿಯರು, "ಮುಂದುಗಡೆ ನಿಂಬೆಹಣ್ಣು ಕಟ್ಟಿಲ್ವಲ್ಲ, ಮತ್ತೆ ಇನ್ನೇನಾಗುತ್ತೆ?" ಎಂದು ಕೇಳಿದರು. ಇವರಲ್ಲಿ ಒಬ್ಬರೂ ಕೀಲಿ ತಿರುಗಿಸಿದಾಗ ಅಲ್ಲಿರಲಿಲ್ಲ. ನಾನಿದ್ದೆ. "ಒಂದೇ ಸಲ ಟಕ್ ಅಂತ..." ಎಂದು ಬಾಯಿ ತೆರೆದೆ. "ನೀವು ಸ್ವಲ್ಪ ಆ ಕಡೆ ನಿಲ್ಲಿ ಅಕ್ಕಾ, ತಳ್ಳಿ ನೋಡ್ತೀವಿ" ಎಂದರು. ನಮ್ಮ ಅಂಗಳದಿಂದ ರಸ್ತೆಗೆ ಏರು, ಮೇಲೆ ಪೂರ್ತಿ ಲೋಡು. ಹತ್ತಡಿ ತಳ್ಳುವಷ್ಟರಲ್ಲಿ ನಾಲ್ವರಿಗೂ ಅವರವರ ಮನೆಯ ಕೆಲಸ ನೆನಪಾಯಿತು!

ಹತ್ತು ಗಂಟೆಗೆ ಮೆಕ್ಯಾನಿಕ್ ಬಂದ. ಬಂದವನು ಗಾಡಿಯನ್ನು ನೋಡಲಿಲ್ಲ, ನನ್ನ ಹಿಂದೆ ಬಾಗಿಲಿನ ಕಡೆ ನೋಡಿದ.

"ಸಾರ್ ಇಲ್ವಾ?"

"ಇಲ್ಲ, ಶಾಲೆಗೆ ಹೋಗಿದ್ದಾರೆ. ಏನಾಗಿದೆ ಅಂತ ನಾನು ಹೇಳ್ತೀನಿ."

"ಬೇಡ ಬಿಡಿ ಮೇಡಂ. ಯಜಮಾನ್ರಿಗೆ ಫೋನ್ ಕೊಡಿ."

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು. ಮಕ್ಕಳು ಮೆಚ್ಚುವ ಮೇಷ್ಟ್ರು. ಆದರೆ ಗಾಡಿಯ ವಿಷಯದಲ್ಲಿ ಅವರ ಜ್ಞಾನ ಕಿಟಕಿ ಗಾಜು ಇಳಿಸುವಲ್ಲಿಗೆ ಮುಗಿಯುತ್ತದೆ. ಅದನ್ನು ಅವರೂ ನಗುತ್ತಲೇ ಒಪ್ಪುತ್ತಾರೆ. ಸ್ಟಾಫ್ ರೂಮಿನಲ್ಲಿ ನಿಂತು ಅವರು, "ಹೂಂ... ಹೂಂ... ಹೌದಾ... ಸರಿ, ಹಾಕಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಗಾಡಿಗೆ ಹೊಸ ಬ್ಯಾಟರಿ ಬಂತು. ನನ್ನ ಖಾತೆಯಿಂದ 6,500 ರೂಪಾಯಿ ಹೋಯಿತು. ಹಳೆಯ ಬ್ಯಾಟರಿಯೂ ಮೆಕ್ಯಾನಿಕ್‌ನ ಜೊತೆಗೇ ಹೋಯಿತು. ಗಾಡಿ ಸ್ಟಾರ್ಟ್ ಆಯಿತು, ನಿಜ. ಆದರೆ ಶಿವಮೊಗ್ಗದ ಅಂಗಡಿಯವರು ಆ ದಿನ ನನ್ನ ಜಾಗದಲ್ಲಿ ಬೇರೆಯವರ ಉಪ್ಪಿನಕಾಯಿ ಜೋಡಿಸಿಯಾಗಿತ್ತು. ಆ ಹಲಗೆಯನ್ನು ಹಿಡಿಯಲು ನನಗೆ ಎರಡು ವರ್ಷ ಬೇಕಾಗಿತ್ತು.

ರಾತ್ರಿ ಇವರನ್ನು ಕೇಳಿದೆ: "ಬ್ಯಾಟರಿ ಹೋಗಿದೆ ಅಂತ ಅವನಿಗೆ ಹೇಗೆ ಗೊತ್ತಾಯಿತು? ಅಳೆದು ನೋಡಿದನಾ?" ಇವರು ಅಚ್ಚರಿಯಿಂದ, "ಮೆಕ್ಯಾನಿಕ್ ಅಲ್ವೇನೇ, ಅವನಿಗೆ ಗೊತ್ತಿರಲ್ವಾ?" ಎಂದರು.

ಮೂರು ವಾರ ಕಳೆಯಿತು. ಮತ್ತೆ ಬೆಳಿಗ್ಗೆ, ಮತ್ತೆ ಲೋಡು, ಮತ್ತೆ ಅದೇ "ಟಕ್". ಫೋನಿನಲ್ಲಿ ಮೆಕ್ಯಾನಿಕ್ ಒಂದು ಕ್ಷಣವೂ ತಡೆಯದೆ ಹೇಳಿದ: "ಹಾಗಾದ್ರೆ ಸೆಲ್ಫ್ ಮೋಟರ್ ಹೋಗಿದೆ ಮೇಡಂ. ಯಜಮಾನ್ರ ಹತ್ರ ಮಾತಾಡ್ತೀನಿ."

ಅಂದು ನನ್ನ ಪುಣ್ಯಕ್ಕೆ, ಹಿಂದಿನ ಬೀದಿಯ ಹಿರಿಯರೊಬ್ಬರು ಮಿಡಿ ಉಪ್ಪಿನಕಾಯಿ ಕೊಳ್ಳಲು ಬಂದರು. ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಂಡಿನೋವು, ಬಗ್ಗಲಾರರು. ಜಗಲಿಯಲ್ಲಿ ಕೂತು ಅವರು ಕೇಳಿದ ಮೊದಲ ಮಾತು: "ಏನು ಶಬ್ದ ಬಂತಮ್ಮಾ?"

ನೋಡಿ, ಈ ಒಂದು ಪ್ರಶ್ನೆಯನ್ನು ಅಷ್ಟು ದಿನದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಿದೆ. "ಹೆಡ್‌ಲೈಟ್ ಹಾಕಿ ಈಗ ಕೀಲಿ ತಿರುಗಿಸಿ" ಎಂದರು. ಮಗಳು ಛತ್ರಿ ಹಿಡಿದು ಗಾಡಿಯ ಮುಂದೆ ನಿಂತಳು. ತಿರುಗಿಸಿದೆ. "ಅಮ್ಮಾ, ದೀಪ ಆರೇ ಹೋಯ್ತು!" ಎಂದು ಕೂಗಿದಳು. ಹಿರಿಯರು ತಲೆಯಾಡಿಸಿದರು. "ಮೋಟರ್ ಮೇಲೆ ಆಮೇಲೆ ಅನುಮಾನ ಪಡೋಣ. ಬ್ಯಾಟರಿ ಹೊಸದು, ಆದರೂ ಕರೆಂಟು ತಲುಪ್ತಾ ಇಲ್ಲ. ಬ್ಯಾಟರಿಯಿಂದ ಕಪ್ಪು ವೈರು ಎಲ್ಲಿಗೆ ಹೋಗುತ್ತೆ, ಕೈಯಲ್ಲಿ ಹಿಡಿದುಕೊಂಡೇ ಹೋಗಿ."

ಹೋದೆ. ಆ ದಪ್ಪ ವೈರು ಗಾಡಿಯ ಚಾಸಿಗೆ ಒಂದು ಬೋಲ್ಟಿನಲ್ಲಿ ಕೂತಿತ್ತು. ಕೂತಿತ್ತು ಎನ್ನುವುದಕ್ಕಿಂತ ತೂಗಾಡುತ್ತಿತ್ತು ಎನ್ನಬೇಕು. ಸುತ್ತ ತುಕ್ಕು, ಹಸಿರು ಕಿಲುಬು. ಮುಟ್ಟಿದರೆ ಬೆಚ್ಚಗೆ! ಬ್ಯಾಟರಿ ಬದಲಾಯಿಸುವಾಗ ಆ ವೈರು ಅಲುಗಾಡಿ ಮೂರು ವಾರದ ಮಟ್ಟಿಗೆ ಹೇಗೋ ತಾಗಿಕೊಂಡಿತ್ತು. ಹಿರಿಯರು ಹೇಳಿದಂತೆ ಬ್ಯಾಟರಿಯ ಕಡೆಯ ಕಪ್ಪು ವೈರನ್ನು ಮೊದಲು ಕಳಚಿದೆ. ಆಮೇಲೆ ಈ ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ವೈರು ಜೋಡಿಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಗುಡುಗಿತು. ಉಪ್ಪುಕಾಗದಕ್ಕೆ ತಗುಲಿದ ಖರ್ಚು 10 ರೂಪಾಯಿ.

ದೀಪ ಉರಿಯುತ್ತಿತ್ತು, ಹಾರನ್ ಕೂಗುತ್ತಿತ್ತು, ಎಂಜಿನ್ ಮಾತ್ರ ಯಾಕೆ ತಿರುಗಲಿಲ್ಲ ಎಂದು ನಿಮಗೂ ಅನ್ನಿಸಿರಬಹುದು. ಒಂದು ಹೆಡ್‌ಲೈಟ್ ಬಲ್ಬಿಗೆ ಸುಮಾರು 5 ಆಂಪಿಯರ್ ಕರೆಂಟು ಸಾಕು. ಸೆಲ್ಫ್ ಮೋಟರಿಗೆ 200 ಆಂಪಿಯರೋ ಅದಕ್ಕೂ ಹೆಚ್ಚೋ ಬೇಕು. ಕಸ ಕಟ್ಟಿಕೊಂಡ ನಲ್ಲಿಯಲ್ಲಿ ಕೈ ತೊಳೆಯುವಷ್ಟು ನೀರು ಬರುತ್ತದೆ. ಹಂಡೆ ತುಂಬಿಸಲು ಹೊರಟಾಗ ಅದರ ಬಣ್ಣ ಬಯಲಾಗುತ್ತದೆ. ಹಂಡೆ, ನಲ್ಲಿ ಎಂದರೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಹಾಗಿದ್ದ ಮೇಲೆ ಬ್ಯಾಟರಿ, ವೈರು ಯಾಕೆ ಅರ್ಥವಾಗಬಾರದು?

ಆ ಮೆಕ್ಯಾನಿಕ್ ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಅವನು ಊಹೆ ಮಾಡಿದ. ಊಹೆ ಅವನದು, ದುಡ್ಡು ನನ್ನದು. ಗಾಡಿ ಕೆಟ್ಟ ಗಳಿಗೆಯಲ್ಲಿ ಅದರ ಜೊತೆಗಿದ್ದ ಒಬ್ಬಳೇ ಸಾಕ್ಷಿಯನ್ನು ಪಕ್ಕಕ್ಕೆ ನಿಲ್ಲಿಸಿ, ಐದು ಮೈಲಿ ಆಚೆ ಇದ್ದವರನ್ನು ಕೇಳಿದರೆ ಊಹೆಯಲ್ಲದೆ ಇನ್ನೇನು ಉಳಿಯುತ್ತದೆ? ಹೆಂಗಸನ್ನು ಕೇಳದಿರುವುದು ಅವಮಾನ ಮಾತ್ರವಲ್ಲ, ಕೆಟ್ಟ ಕೆಲಸಗಾರಿಕೆ ಕೂಡ.

ಇದು ಗ್ಯಾರೇಜಿಗಷ್ಟೇ ಸೀಮಿತ ಎಂದುಕೊಳ್ಳಬೇಡಿ. ಹೊಟ್ಟೆನೋವೆಂದು ನಾನು ಒಮ್ಮೆ ಡಾಕ್ಟರ ಮುಂದೆ ಕೂತಿದ್ದಾಗ, ಅವರು ಪಕ್ಕದಲ್ಲಿದ್ದ ಇವರನ್ನು ನೋಡಿ, "ಎಷ್ಟು ದಿನದಿಂದ ನೋವಂತೆ?" ಎಂದು ಕೇಳಿದರು. ಹೊಟ್ಟೆ ನನ್ನದು! ಇವರು ತಬ್ಬಿಬ್ಬಾಗಿ ನನ್ನ ಕಡೆ ತಿರುಗಿ, "ಎಷ್ಟು ದಿನದಿಂದ?" ಎಂದರು. ನಾನು ಇವರಿಗೆ ಹೇಳಿದೆ, ಇವರು ಡಾಕ್ಟರಿಗೆ ಹೇಳಿದರು. ನಿಮ್ಮಲ್ಲಿ ಎಷ್ಟು ಜನರಿಗೆ ಹೀಗಾಗಿಲ್ಲ, ಹೇಳಿ?

"ಹೆಂಗಸರಿಗೆ ಯಂತ್ರ ತಲೆಗೆ ಹತ್ತುವುದಿಲ್ಲ" ಎನ್ನುತ್ತಾರೆ. ಕುಕ್ಕರ್ ಕೂಗದಿದ್ದರೆ ನಾವು ಏನು ಮಾಡುತ್ತೇವೆ? ಆವಿ ಎಲ್ಲಿಂದ ಹೋಗುತ್ತಿದೆ ಎಂದು ನೋಡುತ್ತೇವೆ. ಬದಿಯಿಂದ ಹೋದರೆ ಗ್ಯಾಸ್ಕೆಟ್ಟು, ಎಲ್ಲಿಂದಲೂ ಹೋಗದಿದ್ದರೆ ತೂತು ಕಟ್ಟಿದೆ ಅಥವಾ ನೀರು ಸಾಲದು. ಹೋಗಿ ಹೊಸ ಕುಕ್ಕರ್ ತರುವುದಿಲ್ಲ. ಒಲೆಯ ಉರಿ ಹಳದಿಯಾದರೆ ಬರ್ನರಿನ ತೂತು ಚುಚ್ಚುತ್ತೇವೆ. ನೋಡು, ಕೇಳು, ಒಂದೊಂದನ್ನೇ ಬಿಟ್ಟುಕೊಂಡು ಬಾ: ರಿಪೇರಿಯ ವಿದ್ಯೆಯೆಲ್ಲ ಇಷ್ಟೇ. ದಿನಕ್ಕೆ ಹತ್ತು ಸಲ ಅಡುಗೆಮನೆಯಲ್ಲಿ ಮಾಡುವುದನ್ನು ಅಂಗಳದಲ್ಲಿ ಮಾಡಲಾರೆವೇ?

ಕೀಲಿ ತಿರುಗಿಸಿದಾಗ ದೀಪವೂ ಇಲ್ಲ, ಶಬ್ದವೂ ಇಲ್ಲ ಎಂದರೆ ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ವೈರು ಕಳಚಿದೆ, ಇಲ್ಲವೇ ದೊಡ್ಡ ಫ್ಯೂಸ್ ಹೋಗಿದೆ. ಟಕಟಕಟಕ ಎಂದರೆ ಬ್ಯಾಟರಿಯಲ್ಲಿ ಶಕ್ತಿ ಸಾಲದು, ಅಥವಾ ಟರ್ಮಿನಲ್ಲಿಗೆ ಬಿಳಿ ಪುಡಿ ಹಿಡಿದಿದೆ. ಒಂದೇ ಟಕ್ ಎಂದು ದೀಪ ಕುಗ್ಗಿದರೂ ಇವೇ ಅನುಮಾನಗಳು. ದೀಪ ಕುಗ್ಗದೆ ಹಾಗೇ ಉರಿದರೆ ಆಗ ಸೆಲ್ಫ್ ಮೋಟರಿನ ಕಡೆ ನೋಡಬೇಕು. ಎಂಜಿನ್ ಗರಗರ ಚೆನ್ನಾಗಿಯೇ ತಿರುಗಿ ಹಿಡಿದುಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಅದು ಹೆಚ್ಚಾಗಿ ಡೀಸೆಲ್ಲಿನ ತಕರಾರು: ಫಿಲ್ಟರ್ ಕಟ್ಟಿದೆ, ನೀರು ಸೇರಿದೆ, ಟ್ಯಾಂಕು ಬರಿದಾಗಿ ಪೈಪಿನಲ್ಲಿ ಗಾಳಿ ತುಂಬಿದೆ. ಕೆಲವು ನೂರು ರೂಪಾಯಿಗೆ ಸಿಗುವ ಮೀಟರೊಂದು ಮನೆಯಲ್ಲಿದ್ದರೆ ಇನ್ನೂ ಸುಲಭ. ನಿಂತ ಗಾಡಿಯ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗೆ ಬಂದರೆ ಬರಿದಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಎಷ್ಟು ಹೊಸ ಬ್ಯಾಟರಿ ಹಾಕಿದರೂ ದಂಡ.

ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ಬ್ಯಾಟರಿ ಮುಟ್ಟುವ ಮುನ್ನ ಬಳೆ, ಉಂಗುರ ತೆಗೆದಿಡಿ. ಚಿನ್ನದ ಬಳೆ ಎರಡು ಟರ್ಮಿನಲ್ಲುಗಳಿಗೆ ತಾಗಿದರೆ ಕೈ ಸುಟ್ಟುಹೋಗುತ್ತದೆ. ಬಿಚ್ಚುವಾಗ ಕಪ್ಪು ವೈರು ಮೊದಲು, ಹಾಕುವಾಗ ಕೊನೆಗೆ. ಹತ್ತಿರ ಬೆಂಕಿ ಬೇಡ. ಹೊಸ ಡೀಸೆಲ್ ಎಂಜಿನ್ನುಗಳ ಇಂಧನದ ಪೈಪಿನಲ್ಲಿ ಒತ್ತಡ ವಿಪರೀತ, ಅದನ್ನು ಮನೆಯಲ್ಲಿ ಬಿಚ್ಚಬಾರದು. ಅಲ್ಲಿಗೆ ಮೆಕ್ಯಾನಿಕ್ ಬೇಕೇ ಬೇಕು.

"ಹಾಗಾದರೆ ಎಲ್ಲ ಹೆಂಗಸರೂ ಮೆಕ್ಯಾನಿಕ್ ಆಗಬೇಕೋ?" ಎಂದು ನನ್ನ ತಂಗಿಯೇ ಕೇಳಿದಳು. ಬೇಡಮ್ಮಾ. ದರ್ಜಿಯ ಬಳಿ ಹೋಗುವಾಗ ನಾವು ದರ್ಜಿಯಾಗಿರುವುದಿಲ್ಲ. ಆದರೆ ತೋಳು ಎಲ್ಲಿ ಬಿಗಿ ಎಂದು ಹೇಳುತ್ತೇವೆ, ಉಳಿದ ಬಟ್ಟೆ ವಾಪಸು ಕೇಳುತ್ತೇವೆ. ಮೆಕ್ಯಾನಿಕ್ಕನನ್ನೂ ಹಾಗೆಯೇ ಕೇಳೋಣ: ಏನು ಅಳೆದೆ? ಹಳೆಯ ಭಾಗ ತೋರಿಸು. ಬಿಲ್ಲು ಕೊಡು.

ಯಂತ್ರ ಗಂಡಸರ ಸೊತ್ತು ಎನ್ನುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ ಜರ್ಮನಿಯ ಕಾರ್ಲ್ ಬೆಂಝ್ ಹೆಸರು ಎಲ್ಲರಿಗೂ ಗೊತ್ತು. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ಅವನ ಉದ್ಯಮಕ್ಕೆ ಸುರಿದವಳು ಹೆಂಡತಿ ಬೆರ್ಥಾ. ಆ ಗಾಡಿಯನ್ನು ಕೊಳ್ಳುವವರಿಲ್ಲದೆ ಗಂಡ ಕೈಚೆಲ್ಲಿ ಕೂತಿದ್ದಾಗ, 1888ರ ಆಗಸ್ಟಿನಲ್ಲಿ ಆಕೆ ಅವನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ಗಾಡಿ ಹೊರಡಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿತು. ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವೈರಿನ ಹೊದಿಕೆ ಸವೆಯಿತು. ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆಯಿತು, ಚಮ್ಮಾರನಿಂದ ಚರ್ಮ ಹೊಡೆಸಿದಳು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣವನ್ನೂ ಆ ದಾರಿಯ ರಿಪೇರಿಗಳನ್ನೂ ಮಾಡಿದ್ದು ಒಬ್ಬ ಗೃಹಿಣಿ.

ನಮ್ಮ ಕಾನೂನಿಗೂ ಈ ವಿಷಯದಲ್ಲಿ ಅಡ್ಡಿಯಿಲ್ಲ. ಒಟ್ಟು ತೂಕ 7,500 ಕಿಲೋ ಮೀರದ ಸಾಗಣೆ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, 2024ರಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಅಡ್ಡಿ ಇರುವುದು ನಮ್ಮ ಅಂಗಳದಲ್ಲಿ. ಅರ್ಧ ಅಡ್ಡಿ ನಮ್ಮೊಳಗೇ. ಆಯುಧಪೂಜೆಯ ದಿನ ಗಾಡಿ ತೊಳೆಯುವವರು ನಾವು, ರಂಗೋಲಿ ಹಾಕುವವರು ನಾವು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುವವರು ನಾವು. ಆ ಬಾನೆಟ್ ಎತ್ತಲು ಮಾತ್ರ, "ಅಯ್ಯೋ, ಅದೆಲ್ಲ ನಂಗೇನೂ ಗೊತ್ತಾಗಲ್ಲಪ್ಪ" ಎಂದು ಗಂಡಸರನ್ನು ಕರೆಯುತ್ತೇವೆ. ಆ ಮಾತಿನಲ್ಲಿ ಒಂದು ಸುಖವಿದೆ, ನಾನೂ ಉಂಡಿದ್ದೇನೆ. ಅದರ ಬೆಲೆ 6,500 ರೂಪಾಯಿ ಮತ್ತು ಅಂಗಡಿಯ ಒಂದು ಹಲಗೆ ಎಂದು ತಿಳಿದ ಮೇಲೆ ಬಿಟ್ಟೆ. ನನ್ನ ಮಗಳ ಬಾಯಿಂದ ಅದು ಬಾರದಿರಲಿ ಎಂದು ಈಗ ಬ್ಯಾಟರಿ ನೋಡುವಾಗೆಲ್ಲ ಸ್ಪ್ಯಾನರ್ ಅವಳ ಕೈಗೇ ಕೊಡುತ್ತೇನೆ.

ಮೊನ್ನೆ ಕ್ಲಚ್ಚಿನ ಕೆಲಸಕ್ಕೆ ಗಾಡಿಯನ್ನು ಅದೇ ಮೆಕ್ಯಾನಿಕ್ಕನ ಬಳಿ ಬಿಟ್ಟಿದ್ದೆ. ಸಂಜೆ ಫೋನ್ ಬಂತು.

"ಮೇಡಂ, ಖರ್ಚಿನ ವಿಷಯ ಮಾತಾಡ್ಬೇಕಿತ್ತು. ಯಜಮಾನ್ರಿಗೆ ಫೋನ್ ಕೊಡಿ."

ಇವರು ಪಕ್ಕದಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿ ನಕ್ಕು, ಮತ್ತೆ ತಿದ್ದತೊಡಗಿದರು.

"ಯಜಮಾನ್ರ ಹತ್ರಾನೇ ಮಾತಾಡ್ತಾ ಇದೀರಿ, ಹೇಳಿ" ಎಂದೆ.