ಬಂದ, ಬಂದಾನ ಮತ್ತು ಆಂಗ್ಲ ಕಾಲಭೇದ

ಕಾಳಗಿ ಸೀಮೆಯ ವಿದ್ಯಾರ್ಥಿಗಳಿಗೆ ಆಂಗ್ಲಭಾಷೆಯ ಪಾಸ್ಟ್ ಟೆನ್ಸ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸುಗಳ ಭೇದ ತಿಳಿಯದು ಎಂಬ ಆಕ್ಷೇಪ ಅಧ್ಯಾಪಕವರ್ಗದಲ್ಲಿ ರೂಢವಾಗಿದೆ. ಈ ಆಕ್ಷೇಪ ಅರ್ಧಸತ್ಯ. ಭೇದವು ಅವರ ನಾಲಗೆಯ ಮೇಲೆಯೇ ಇದೆ. ಅದಕ್ಕೆ ಹೆಸರಿಟ್ಟು ತೋರಿಸಿದವರಿಲ್ಲ.

ಮಳೆಗಾಲದಲ್ಲಿ ಕಾಗಿಣಾ ತೀರದ ಬಾಲಕನು ‘ಹೊಳಿ ಬಂದದ’ ಎಂದರೆ ದಾಟಬೇಡಿರೆಂದು ಅರ್ಥ. ನೀರು ಈಗಲೂ ಇದೆ. ‘ಹ್ವಾದ ವರ್ಷ ಹೊಳಿ ಬಂತು’ ಎಂದರೆ ಅದು ಮುಗಿದ ಕಥೆ. ‘ಬಂದ’, ‘ಬಂದಾನ’ ಎಂಬಲ್ಲಿಯೂ ಹೀಗೆಯೇ. ಗ್ರಂಥಸ್ಥ ಕನ್ನಡದ ‘ಬಂದಿದ್ದಾನೆ’ ಎಂಬುದನ್ನು ಬಿಡಿಸಿದರೆ ‘ಬಂದು ಇದ್ದಾನೆ’ ಎಂದಾಗುತ್ತದೆ: ಕ್ರಿಯೆ ಕಳೆಯಿತು, ಫಲ ಉಳಿಯಿತು. (ಸಂಭಾವನಾರ್ಥದ ‘ಬಂದಾನು’ ಎಂಬುದರೊಡನೆ ಬೆರೆಸಿ ‘ಬಂದಾನ’ವನ್ನು ಅಶುದ್ಧವೆಂದು ತಿದ್ದುವ ಪಂಡಿತರೂ ಇದ್ದಾರೆ, ಅದು ಬೇರೆ ಮಾತು.) ನಿಜಾಮರ ಆಳ್ವಿಕೆ 1948ರಲ್ಲಿ ಕೊನೆಗೊಂಡ ಮೇಲೂ ಈ ಭಾಗದಲ್ಲಿ ಉಳಿದ ಉರ್ದುವಿನಲ್ಲಿ ‘ಆಯಾ’, ‘ಆಯಾ ಹೈ’ ಬೇರೆಬೇರೆ. ಪಾಣಿನಿಯಂತೂ ಭೂತಾರ್ಥಕ್ಕೆ ಲುಙ್, ಲಙ್, ಲಿಟ್ ಎಂಬ ಮೂರು ಲಕಾರಗಳನ್ನಿತ್ತು, ಇಂದಿನದಲ್ಲದ ಭೂತಕ್ಕೆ ಲಙ್ ಎಂದು ವಿಧಿಸಿದನು. ಕನ್ನಡ ಶಾಲಾವ್ಯಾಕರಣ ಮಾತ್ರ ಕಾಲತ್ರಯವನ್ನು ಹೇಳಿ ಕೈತೊಳೆದುಕೊಳ್ಳುತ್ತದೆ. ದೋಷದಲ್ಲಿ ಕನ್ನಡ ಪಂಡಿತರ ಪಾಲೂ ಉಂಟು.

ಸಾಮ್ಯ ಪೂರ್ಣವಲ್ಲ. ‘ನಿನ್ನೆ ಬಂದಿದ್ದಾನೆ’ ಎಂಬುದನ್ನು ಕನ್ನಡವು ಸಹಿಸುತ್ತದೆ, ಆಂಗ್ಲವು ಸಹಿಸದು. ಯೆಸ್ಟರ್ಡೇ, ಲಾಸ್ಟ್ ಇಯರ್, ಇನ್ 1956 ಮುಂತಾಗಿ ಮುಗಿದ ಕಾಲವನ್ನು ಹೇಳುವ ಪದ ಬಂದೊಡನೆ ಹ್ಯಾವ್ ಹಿಂದೆ ಸರಿಯಬೇಕು. ಇನ್ನೊಂದೆಡೆ, ‘ಹತ್ತು ವರ್ಷದಿಂದ ಇಲ್ಲಿದ್ದಾನೆ’ ಎಂದು ಕನ್ನಡವು ವರ್ತಮಾನದಲ್ಲಿ ಹೇಳುವುದನ್ನು ಆಂಗ್ಲವು ‘ಹಿ ಹ್ಯಾಸ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’ ಎನ್ನುತ್ತದೆ. ಬೋಧನೆಯ ಶ್ರಮವೆಲ್ಲ ಈ ಎರಡು ಎಡೆಗಳಿಗೆ ಸಲ್ಲಬೇಕು. ಅಮೆರಿಕನ್ನರು ಆಲ್ರೆಡಿ ಎಂಬುದರ ಜೊತೆಗೂ ಪಾಸ್ಟ್ ಟೆನ್ಸನ್ನು ಬಳಸುವುದುಂಟು. ಪರೀಕ್ಷೆಗೆ ಕೂಡುವ ಮಕ್ಕಳಿಗೆ ಆ ಸ್ವಾತಂತ್ರ್ಯ ಈಗಲೇ ಬೇಡ.

ಅಂಕಗಳಿಗಿಂತ ದೊಡ್ಡ ನಷ್ಟವೂ ಇದರಲ್ಲಿದೆ. ವಾಡಿ ಅಥವಾ ಸೇಡಂನ ಸಿಮೆಂಟು ಕಾರ್ಖಾನೆಗೆ ಅರ್ಜಿ ಬರೆಯುವ ತರುಣನು, ತಾನು ಈಗಲೂ ದುಡಿಯುತ್ತಿರುವ ಸ್ಥಳದ ವಿಷಯವಾಗಿ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದು ಬರೆದರೆ, ಕೆಲಸ ಬಿಟ್ಟವನೆಂದೇ ಓದುವವರು ತಿಳಿಯುವರು. ಒಂದು ಹ್ಯಾವ್ ಸೇರಿಸಿದ್ದರೆ ಸಾಕಿತ್ತು. ಆದುದರಿಂದ ಎಂಟನೆಯ ತರಗತಿಯಲ್ಲಿ ಸೂತ್ರದ ಕೋಷ್ಟಕವನ್ನು ಬರೆಯಿಸುವ ಮುನ್ನ, ಆಂಗ್ಲ ಅಧ್ಯಾಪಕರೂ ಕನ್ನಡ ಪಂಡಿತರೂ ಒಂದು ವಾರ ಒಟ್ಟಿಗೆ ನಿಂತು, ‘ಹೊಳಿ ಬಂತು’, ‘ಹೊಳಿ ಬಂದದ’ ಎಂಬ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದು, ಭೇದವನ್ನು ಮಕ್ಕಳ ಬಾಯಿಂದಲೇ ಹೇಳಿಸಲಿ.