ಟ್ರೌಟಿನ ಹೊಟ್ಟೆ ಪರೀಕ್ಷಿಸಿದ ಡಾಕ್ಟರು
ಇಂಗ್ಲೆಂಡಿನ ಸಾಮರ್ಸೆಟ್‌ನ ಬ್ಲ್ಯಾಗ್ಡನ್ ಜಲಾಶಯದಲ್ಲಿ 1904ರಲ್ಲಿ ಟ್ರೌಟ್ ಬೇಟೆ ಶುರುವಾದಾಗ, ಗಾಳದವರು ನೆಚ್ಚಿಕೊಂಡಿದ್ದು ಸಾಲ್ಮನ್ ಮೀನಿಗೆ ಕಟ್ಟುವಂಥ ದೊಡ್ಡ, ಥಳುಕಿನ ಗರಿನೊಣಗಳನ್ನು, ಅಂದರೆ ಕೊಕ್ಕೆಗೆ ಗರಿ ಕಟ್ಟಿದ ನಕಲಿ ನೊಣಗಳನ್ನು. ಮೊದಲ ಮಹಾಯುದ್ಧದ ನಂತರ ಅಲ್ಲಿಗೆ ಬಂದ ಡಾಕ್ಟರ್ ಬೆಲ್ ಮಾತ್ರ ಹಿಡಿದ ಮೀನಿನ ಹೊಟ್ಟೆ ಸೀಳಿ, ಅದು ನಿಜಕ್ಕೂ ತಿಂದದ್ದೇನೆಂದು ನೋಡಿದರು. ಕಚ್ಚದ ಗುಂಗುರುಗಳ ಕೋಶಗಳು (ಪ್ಯೂಪಾ) ಸಿಕ್ಕವು! ಅವನ್ನೇ ಹೋಲುವಂತೆ ಸಣ್ಣ ಕೊಕ್ಕೆಗೆ ಕಪ್ಪು ಉಣ್ಣೆ ಸುತ್ತಿ, ಮೇಲೊಂದು ಬಂಗಾರದ ಜರಿ ಬಿಗಿದು, ಕಿವಿರಿನ ಜಾಗದಲ್ಲಿ ಬಿಳಿ ಕುಚ್ಚು ಇಟ್ಟರೆ ಅವರ ‘ಬ್ಲ್ಯಾಗ್ಡನ್ ಬಜ಼ರ್’ ಸಿದ್ಧ. ಇದನ್ನು ಆಡಿಸುವುದಕ್ಕೆ ತಾಳ್ಮೆ ಬೇಕು. ಅಸಲಿ ಕೋಶ ತಳದ ಕೆಸರಿನಿಂದ ನಿಧಾನವಾಗಿ ಮೇಲೇರಿ, ನೀರಿನ ಮೇಲ್ಪದರಕ್ಕೆ ತಾಗಿಕೊಂಡು ತೂಗಾಡುತ್ತದೆ. ದಾರವನ್ನು ಸರಸರ ಎಳೆದರೆ ನಾಟಕ ಬಯಲು. ಗಾಳಿಗೆ ಅಡ್ಡಲಾಗಿ ಬೀಸಿ, ದಾರ ತಾನಾಗಿ ಬಾಗಿ ತೇಲಲು ಬಿಟ್ಟು, ಸಡಿಲವಾದಷ್ಟನ್ನೇ ಎಳೆದುಕೊಳ್ಳಬೇಕು. ಅಂಗಡಿಯವರು ಹತ್ತಾರು ಬಣ್ಣ ತೋರಿಸುತ್ತಾರೆ, ಪಾಪ, ಅವರ ವ್ಯಾಪಾರ. ಆದರೆ ಬಣ್ಣಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಆಳ: ಮೀನು ಮೇಲೆ ಮೇಯುವಾಗ ಭಾರದ ನೊಣ ಅದರ ಹೊಟ್ಟೆಯಡಿ ಸುಮ್ಮನೆ ಹಾದುಹೋಗುತ್ತದೆ, ಬಿಸಿಲೇರಿ ಮೀನು ಕೆಳಗಿಳಿದರೆ ಅದೇ ನೊಣಕ್ಕೆ ದಾರದ ತುದಿಯ ಸಣ್ಣೆಳೆಯನ್ನು ಉದ್ದವಾಗಿ ಕಟ್ಟಿ, ಮುಳುಗುವವರೆಗೆ ಕೈಕಟ್ಟಿ ಕಾಯಬೇಕು.