ಗುಳೆ ತಡೆಯುವ ಹೆಸರಲ್ಲಿ ದಾರಿ ಮುಚ್ಚಬೇಡಿ

ಭದ್ರಾ ಮೇಲ್ದಂಡೆ ಯೋಜನೆಯ ಪರವಾಗಿ ಚಿತ್ರದುರ್ಗದಲ್ಲಿ ವೇದಿಕೆ ಹತ್ತಿದವರು ಒಂದು ಮಾತು ಹೇಳದೆ ಕೆಳಗಿಳಿಯುವುದಿಲ್ಲ: ನೀರು ಬಂದರೆ ಗುಳೆ ನಿಲ್ಲುತ್ತದೆ. 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಎಲ್ಲಿ ಹೋಯಿತು ಎಂದು ಒಬ್ಬರ ಮೇಲೊಬ್ಬರು ಹರಿಹಾಯುವ ಪಕ್ಷಗಳು ಈ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರು.

ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಳವೆಬಾವಿ ಕೊರೆದು ಕೊರೆದು ಫ್ಲೋರೈಡ್ ಕುಡಿಯುತ್ತಿರುವ ಈ ಬಯಲುಸೀಮೆ ತನ್ನ ಪಾಲಿನ 29.9 ಟಿಎಂಸಿ ಅಡಿಯಲ್ಲಿ ಒಂದು ಹನಿಯನ್ನೂ ಬಿಟ್ಟುಕೊಡಬೇಕಿಲ್ಲ. ನನ್ನ ತಕರಾರು ಇರುವುದು ನೀರಿನ ಜೊತೆಗೇ ಹರಿದು ಬರುತ್ತಿರುವ ಒಂದು ನಂಬಿಕೆಯ ಬಗ್ಗೆ. ಊರು ಬಿಟ್ಟು ಹೋಗುವುದೇ ರೋಗ, ಇದ್ದಲ್ಲೇ ಇರುವುದೇ ಆರೋಗ್ಯ ಎಂಬ ನಂಬಿಕೆ ಅದು. ಜನರ ವಿಷಯದಲ್ಲೂ ಅದು ತಪ್ಪು, ಕಾಡುಪ್ರಾಣಿಗಳ ವಿಷಯದಲ್ಲೂ ತಪ್ಪು. ಆ ತಪ್ಪಿನ ಮೇಲೆಯೇ ಕಾಲುವೆ, ಬೇಲಿ, ಗೋಡೆಗಳನ್ನು ಕಟ್ಟುತ್ತಿದ್ದೇವೆ.

ನೀರಾವರಿಯ ಅನುಭವವನ್ನೇ ಮೊದಲು ನೋಡೋಣ. ತುಂಗಭದ್ರಾ ಅಣೆಕಟ್ಟೆಯ ನೀರು ಹರಿದ ಮೇಲೆ ಸಿಂಧನೂರು, ಗಂಗಾವತಿಯ ಸುತ್ತ ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ಕೊಂಡು ಭತ್ತ ಬೆಳೆದರು. ಅವರು ನೆಲೆಸಿದ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಜಮೀನು ಮಾರಿದ ಎಷ್ಟೋ ಮಂದಿ ಸ್ಥಳೀಯರು ಕೂಲಿಗೆ ಬಿದ್ದರು. ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಗುಳೆ ಹೋಗುವವರ ಸಾಲು ಇಂದಿಗೂ ಕರಗಿಲ್ಲ. ನೀರು ವಲಸೆಯನ್ನು ನಿಲ್ಲಿಸಲಿಲ್ಲ. ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಎಷ್ಟು ಮಂದಿ ಎಂಬುದನ್ನು ಬದಲಿಸಿತು, ಅಷ್ಟೆ. ನಾಳೆ ಹೊಸದುರ್ಗ, ಹೊಳಲ್ಕೆರೆಯ ಜಮೀನಿನ ಬೆಲೆ ಏರಿದಾಗ ಮೊದಲು ಮಾರುವವರು ಯಾರು, ಕೊಳ್ಳುವವರು ಯಾರು ಎಂದು ಯಾವ ಪಕ್ಷವೂ ಮಾತಾಡುತ್ತಿಲ್ಲ.

ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಬೇಕಿದ್ದರೆ ಹಿರಿಯೂರಿನ ಮಾರಿಕಣಿವೆ ಇದೆ. 1907ರಲ್ಲಿ ಕಟ್ಟಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವಿನ 89 ವರ್ಷ ಈ ಸೀಮೆಯ ಜನ ಕೆರೆ ತುಂಬುತ್ತದೆಂದು ಕಾದು ಕೂತಿರಲಿಲ್ಲ. ಮಳೆ ಬಂದಲ್ಲಿ ಬಿತ್ತಿದರು, ಮೇವಿದ್ದ ಕಡೆಗೆ ಕುರಿ ಹೊಡೆದುಕೊಂಡು ಹೋದರು, ಕೂಲಿ ಸಿಕ್ಕಲ್ಲಿ ದುಡಿದು ಬಂದರು. ಮೈಸೂರು ಅರಸರ ಅಮೃತಮಹಲ್ ದನಗಳಿಗೂ ಇದೇ ಪದ್ಧತಿ ಇತ್ತು. ಮಳೆಗಾಲಕ್ಕೊಂದು ಕಾವಲು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಮಳೆ ನೆಚ್ಚುವಂತಿಲ್ಲದ ನೆಲದಲ್ಲಿ ಓಡಾಟವೇ ವಿಮೆ ಎಂಬುದು ಆಳುವವರಿಗೂ ಗೊತ್ತಿತ್ತು.

ಹಾಗೆಂದು ಎಲ್ಲ ಗುಳೆಯೂ ಒಂದೇ ಅಲ್ಲ. ಹೊಳಲ್ಕೆರೆ, ಹೊಸದುರ್ಗದ ತಾಂಡಾಗಳಿಂದ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಹಣ್ಣು ಬಿಡಿಸಲು ಹೋಗುವ ಕುಟುಂಬಗಳಿವೆ. ಕೆಜಿ ಲೆಕ್ಕದ ಕೂಲಿ ಪಡೆದು ಬೇಸಿಗೆಗೆ ಮರಳಿದರೆ ಕೈಸಾಲ ತೀರುತ್ತದೆ, ಮುಂಗಾರಿನ ಬೀಜ ಗೊಬ್ಬರಕ್ಕೆ ಕಾಸಾಗುತ್ತದೆ. ಇದು ಬದುಕುವ ಉಪಾಯ. ಮನೆಗೆ ಬೀಗ ಜಡಿದು, ಕುರಿ ಮಾರಿ, ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಸೇರಿ ಮತ್ತೆ ಬಾರದಿರುವುದು ಬೇರೆ. ಅದು ಸೋಲು. ಮೊದಲನೆಯದು ಎರಡನೆಯದಾಗಲು ಕಾರಣಗಳು ಗೊತ್ತಿರುವಂಥವೇ: ಮೇಸ್ತ್ರಿ ಕೊಟ್ಟ ಮುಂಗಡ ತೀರದಿರುವುದು, ಮಗುವಿನ ಶಾಲೆ ತಪ್ಪುವುದು, ಮೇಯಿಸುತ್ತಿದ್ದ ಕಾವಲಿಗೆ ಬೇಲಿ ಬೀಳುವುದು. ಪ್ರಶ್ನೆ ವಲಸೆ ಇದೆಯೇ ಇಲ್ಲವೇ ಎಂಬುದಲ್ಲ. ಅದು ಎಷ್ಟು, ಯಾರ ಇಚ್ಛೆಯಿಂದ, ಮರಳುವ ದಾರಿ ತೆರೆದಿದೆಯೇ ಎಂಬುದು.

ಪ್ರಮಾಣ ಎಷ್ಟು ಮುಖ್ಯ ಎಂಬುದಕ್ಕೆ ಜನಗಣತಿ ನೋಡಿ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಬೆಳೆದರೆ ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ 47ರಷ್ಟು ಬೆಳೆಯಿತು. ಚಿತ್ರದುರ್ಗ ಬೆಳೆದದ್ದು ಶೇ 9ರಷ್ಟು. ಹುಟ್ಟು ಸಾವಿನ ವ್ಯತ್ಯಾಸವೊಂದರಿಂದಲೇ ಇಷ್ಟು ಅಂತರ ಬರುವುದಿಲ್ಲ, ಉಳಿದದ್ದು ಬಸ್ಸು ಹತ್ತಿದವರ ಲೆಕ್ಕ. ಮುಂದಿನ ಜನಗಣತಿಯ ತಲೆಎಣಿಕೆ 2027ರ ಫೆಬ್ರುವರಿಯಲ್ಲಿ. ಇಲ್ಲಿಯವರೆಗಿನ ಪದ್ಧತಿಯಂತೆ, ಎಣಿಕೆಯ ದಿನಗಳಷ್ಟೂ ಊರಲ್ಲಿಲ್ಲದವರನ್ನು ಅವರು ಸಿಕ್ಕ ಕಡೆಯೇ ಬರೆದುಕೊಳ್ಳುತ್ತಾರೆ. ಫೆಬ್ರುವರಿಯೆಂದರೆ ಕಾಫಿ ಸೀಮೆಯಲ್ಲಿ ಇನ್ನೂ ಕೊಯ್ಲಿನ ಕಾಲ. ಹೊಳಲ್ಕೆರೆಯ ತಾಂಡಾದವರು ಕೊಡಗಿನ ಲೈನ್ ಮನೆಯ ಲೆಕ್ಕಕ್ಕೆ ಸೇರುತ್ತಾರೆ, ಅನುದಾನ ಕೇಳುವಾಗ ತಾಂಡಾ ಖಾಲಿ ಕಾಣುತ್ತದೆ.

ಇನ್ನು ಪ್ರಾಣಿಗಳ ಮಾತು. ಅಮೆರಿಕದ ತಳಿವಿಜ್ಞಾನಿ ಸೂವಲ್ ರೈಟ್ 1931ರಷ್ಟು ಹಿಂದೆಯೇ ಹಾಕಿಕೊಟ್ಟ ಗಣಿತದಿಂದ ಸಂರಕ್ಷಣಾ ವಿಜ್ಞಾನಿಗಳು ಒಂದು ಸರಳ ಸೂತ್ರ ತೆಗೆದರು. ದೂರವಾದ ಎರಡು ಹಿಂಡುಗಳ ನಡುವೆ ತಲೆಮಾರಿಗೆ ಒಂದೇ ಒಂದು ಪ್ರಾಣಿ ಬಂದು ಮರಿ ಹಾಕಿದರೂ ತಳಿವೈವಿಧ್ಯ ಬಹುಮಟ್ಟಿಗೆ ಉಳಿಯುತ್ತದೆ. ಹಿಂಡಿನಲ್ಲಿ ನೂರಿರಲಿ, ಸಾವಿರವಿರಲಿ, ಸೂತ್ರ ಅದೇ. ಹೊರಜಗತ್ತಿನ ಏರುಪೇರು ಸೇರಿಸಿದರೆ ಒಂದರಿಂದ ಹತ್ತು ಬೇಕೆಂದು 1996ರಲ್ಲಿ ತಿದ್ದಿದರು. ಹತ್ತರಿಂದ ಒಂದಕ್ಕಿಳಿದರೆ ಹಿಂಡು ತಾಳಿಕೊಳ್ಳಬಹುದು, ಒಂದರಿಂದ ಸೊನ್ನೆಗಿಳಿದರೆ ಒಳಗಿನಿಂದಲೇ ಸವೆಯುತ್ತದೆ. ಫ್ಲೋರಿಡಾದಲ್ಲಿ ಒಂಟಿಯಾಗಿ ಉಳಿದ ಪ್ಯೂಮಾಗಳು ಸೊಟ್ಟ ಬಾಲ, ದುರ್ಬಲ ವೀರ್ಯದ ಸ್ಥಿತಿಗೆ ಬಂದಾಗ 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟು ಉಳಿಸಿಕೊಳ್ಳಬೇಕಾಯಿತು. ದಾರಿ ಮುಚ್ಚಿದ ಮೇಲೆ ವಾಹನದಲ್ಲಿ ತರುವುದಕ್ಕಿಂತ ಇರುವ ದಾರಿಯನ್ನು ಬಿಡುವುದು ಅಗ್ಗ.

ನಮ್ಮಲ್ಲಿ ಈ ಲೆಕ್ಕ ಅನ್ವಯಿಸುವುದು ಕೃಷ್ಣಮೃಗಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದೇಶದ ಹಲವೆಡೆಯ ಹುಲ್ಲುಗಾವಲುಗಳಲ್ಲಿ ಹಿಕ್ಕೆ ಹೆಕ್ಕಿ ಡಿಎನ್‌ಎ ನೋಡಿದಾಗ, ಹೆಣ್ಣುಗಳು ಹೆಚ್ಚಾಗಿ ಹುಟ್ಟಿದ ಸೀಮೆಯಲ್ಲೇ ಉಳಿಯುವುದೂ ಊರು, ಹೊಲ, ರಸ್ತೆ ದಾಟಿ ಹಿಂಡು ಹಿಂಡಿಗೂ ನಂಟು ಉಳಿಸಿರುವುದು ಗಂಡುಗಳು ಎಂಬುದೂ ಕಂಡುಬಂತು. ಅದೇ ಸಂಸ್ಥೆ ಚಳ್ಳಕೆರೆಯ ಕುದಾಪುರದಲ್ಲಿ 1,500 ಎಕರೆ ಹುಲ್ಲುಗಾವಲು ಪಡೆದು ಕೂತಿದೆ. ರಕ್ಷಣೆ, ಅಣು, ಬಾಹ್ಯಾಕಾಶ ಸಂಸ್ಥೆಗಳನ್ನೂ ಸೇರಿಸಿದರೆ ಆ ಭಾಗದ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹೋಯಿತು. ಗೋಡೆ ಎದ್ದಾಗ ಕುರಿಗಾಹಿಗಳು ಕೂಗಿದರು, ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೂ ಹತ್ತಿತು. ಆಗ ಕೊಟ್ಟ ಸಮಜಾಯಿಷಿಯೂ ಇದೇ: ಉದ್ಯೋಗ ಬರುತ್ತದೆ, ಜನ ಊರು ಬಿಡುವುದಿಲ್ಲ. ಕುರಿ ಮೇಯಿಸುತ್ತಿದ್ದವನಿಗೆ ಗೋಡೆಯೊಳಗೆ ಸಿಕ್ಕರೆ ಸಿಗುವುದು ಕಾವಲುಗಾರನ ಕೆಲಸ.

ಕಾಲುವೆಯ ಬಳಿ ನಿಂತು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಹೊಲ, ಗೋಮಾಳ, ಕುರುಚಲು ಗುಡ್ಡಗಳ ನಡುವೆ ಆಳವಾಗಿ ಅಗೆದು, ಎರಡೂ ಇಳಿಜಾರಿಗೆ ನುಣುಪಾದ ಕಾಂಕ್ರೀಟ್ ಬಳಿದಿರುತ್ತಾರೆ. ನೀರು ಸಲೀಸಾಗಿ ಓಡಲು ಅದು ಸರಿ. ನೀರು ಕುಡಿಯಲು ಇಳಿದ ಕುರಿಗೆ ಕಾಲೂರಲು ಒಂದು ಗೀರೂ ಇರುವುದಿಲ್ಲ, ಜಾರಿದ ಮೇಲೆ ಹತ್ತಲಾಗುವುದಿಲ್ಲ. ಜಿಂಕೆ, ನರಿ, ಕರಡಿಗೂ ಅದೇ ಗತಿ. ಸೇತುವೆ ಇರುವುದು ಗಾಡಿ ರಸ್ತೆ ಇರುವಲ್ಲಿ. ಮಂದೆ ದಾಟುವ ಜಾಡು, ರಾತ್ರಿ ಪ್ರಾಣಿ ದಾಟುವ ಹಳ್ಳ ಎಂಜಿನಿಯರರ ನಕ್ಷೆಗೆ ಬರುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯನ್ನು ವನ್ಯಧಾಮ ಎಂದು ಘೋಷಿಸಿ ಬೆನ್ನು ತಟ್ಟಿಕೊಳ್ಳುತ್ತೇವೆ. ಅದರ ಒಂದು ಮಗ್ಗುಲಲ್ಲಿ ಹೆದ್ದಾರಿ, ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಕ್ಕೆಂದು ಕಡಿದ ರಸ್ತೆಗಳು. ಸುತ್ತ ದಾರಿ ಕಡಿದ ವನ್ಯಧಾಮ ಪ್ರಾಣಿಗಳಿಗೆ ದೊಡ್ಡಿಯೇ.

ದಾರಿ ಮುಚ್ಚುವ ನಾವೇ ಇನ್ನೊಂದು ಕೈಯಲ್ಲಿ ಬಲವಂತದ ವಲಸೆಯನ್ನೂ ಮಾಡಿಸುತ್ತೇವೆ. ಊರ ಬಳಿ ಚಿರತೆ ಕಂಡರೆ ಸಾಕು, ಬೋನು ಇಡಿ, ದೂರದ ಕಾಡಿಗೆ ಬಿಡಿ ಎಂಬ ಒತ್ತಾಯ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹೀಗೆ ಚಿರತೆಗಳನ್ನು ಹಿಡಿದು ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ತೋರಿಸಿ ವರ್ಷಗಳೇ ಆದವು. ತಾನಾಗಿ ಹೋಗುವ ಪ್ರಾಣಿಗೆ ತಡೆ, ಇರುವ ಪ್ರಾಣಿಗೆ ಎತ್ತಂಗಡಿ. ಕುರಿಗಾಹಿಗೂ ತಾಂಡಾದವರಿಗೂ ನಾವು ಮಾಡುತ್ತಿರುವುದು ಇದನ್ನೇ.

ಈ ಚರ್ಚೆಯಲ್ಲಿ ಒಬ್ಬರು ಕಾಣಿಸುವುದೇ ಇಲ್ಲ. ದೇಶದಲ್ಲಿ 2011ರ ಜನಗಣತಿ ಎಣಿಸಿದ 45 ಕೋಟಿಗೂ ಹೆಚ್ಚು ವಲಸಿಗರಲ್ಲಿ ಅತಿ ದೊಡ್ಡ ಪಾಲು ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳದು. ಕೃಷ್ಣಮೃಗದಲ್ಲಿ ಗಂಡು ಮಾಡುವ ಕೆಲಸವನ್ನು ನಮ್ಮಲ್ಲಿ ಮಾಡುವವಳು ಸೊಸೆ. ಆದರೆ ಅವಳ ದಾರಿಗೂ ಬೇಲಿ ಇದೆ: ಜಾತಿಯೊಳಗೇ, ಸಾಧ್ಯವಾದರೆ ಸೋದರಮಾವನಿಗೇ, ಅತ್ತೆಯ ಮಗನಿಗೇ. ಕರ್ನಾಟಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ನಡೆಯುತ್ತವೆ ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಗುಳೆಯಿಂದ ಹಳ್ಳಿ ಹಾಳಾಯಿತು ಎಂದು ಮರುಗುವ ಹಿರಿಯರು, ಮಗ ಬೇರೆ ಜಾತಿಯ ಹುಡುಗಿಯನ್ನು ಕರೆತಂದರೆ ಊರೇ ಹಾಳಾಯಿತು ಎನ್ನುತ್ತಾರೆ.

ಬಡವರ ಅಲೆದಾಟವನ್ನು ಇವರು ವೈಭವೀಕರಿಸುತ್ತಿದ್ದಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಸಿವಿನಿಂದ ಊರು ಬಿಡುವುದನ್ನು ನಾನು ಹೊಗಳುತ್ತಿಲ್ಲ. ಹಸಿವಿಗೆ ಮದ್ದು ಕೂಲಿ, ನೀರು, ಭೂಮಿ. ಅವು ಬಂದ ಮೇಲೂ ಜನ ಹೋಗುತ್ತಾರೆ, ಓದಲು ಹೋಗುತ್ತಾರೆ, ಒಳ್ಳೆಯ ಕೂಲಿಗೆ ಹೋಗುತ್ತಾರೆ. ಸ್ವಂತ ಮಕ್ಕಳನ್ನು ಬೆಂಗಳೂರಿಗೆ, ಅಮೆರಿಕಕ್ಕೆ ಕಳಿಸಿದ ಮುಖಂಡರೇ ತಾಂಡಾದವನಿಗೆ ಮಾತ್ರ ಊರಲ್ಲೇ ಇರು ಎನ್ನುವುದು ಯಾವ ನ್ಯಾಯ?

ಆದ್ದರಿಂದ ಕೇಳಬೇಕಾದದ್ದನ್ನು ನೇರವಾಗಿ ಕೇಳೋಣ. ಕಾಲುವೆಯ ಉಳಿದ ಕೆಲಸಕ್ಕೆ ಮುನ್ನ ಕುರಿಗಾಹಿಗಳನ್ನೂ ಅರಣ್ಯ ಇಲಾಖೆಯನ್ನೂ ಜೊತೆಗಿಟ್ಟುಕೊಂಡು ಜಾಡುಗಳನ್ನು ಗುರುತಿಸಿ, ಅಲ್ಲಲ್ಲಿ ಮಣ್ಣು ಹೊದಿಸಿದ ಅಗಲವಾದ ದಾಟು ಸೇತುವೆ, ಇಳಿಜಾರಿನಲ್ಲಿ ಹತ್ತಿ ಬರಲು ಮೆಟ್ಟಿಲು ಕಟ್ಟಲಿ. ಉಳಿದಿರುವ ಅಮೃತಮಹಲ್ ಕಾವಲುಗಳನ್ನು ಪಾಳು ಭೂಮಿ ಎಂದು ಬರೆದು ಸೋಲಾರ್ ಕಂಪನಿಗಳಿಗೆ ಕೊಡುವುದು ನಿಲ್ಲಲಿ. ಪಕ್ಕದ ಕಡೂರಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಮಾಡಿದವರಿಗೆ ಇಲ್ಲಿಯೂ ಅದನ್ನು ಮಾಡುವುದು ಅಸಾಧ್ಯವಲ್ಲ. ಕಾಫಿ ಸೀಮೆಗೆ ಹೋಗುವ ಮಕ್ಕಳಿಗೆ ಹೋದಲ್ಲಿ ಅಂಗನವಾಡಿ, ಊರಲ್ಲೇ ಉಳಿಯುವವರಿಗೆ ಕೊಯ್ಲಿನ ತಿಂಗಳುಗಳಲ್ಲಿ ಹಾಸ್ಟೆಲ್ ಬೇಕು. ಗಣತಿಯಲ್ಲಿ ಋತುಮಾನದ ವಲಸಿಗರಿಗೆ ಪ್ರತ್ಯೇಕ ಪ್ರಶ್ನೆ ಇರಲಿ.

ಇವುಗಳ ಖರ್ಚು ಯೋಜನೆಯ ಒಟ್ಟು ಮೊತ್ತದ ಮುಂದೆ ಚಿಲ್ಲರೆ. ಭದ್ರೆಯ ನೀರು ಹರಿಸಿದ್ದು ನಾವೇ ಎಂದು ಮತ ಕೇಳಲು ಬರುವವರಿಗೆ ಹೊಳಲ್ಕೆರೆಯ ಕುರಿಗಾಹಿ ಕೇಳಬೇಕಾದ ಪ್ರಶ್ನೆ ಒಂದಿದೆ: ನೀರಿಗೆ ದಾರಿ ಮಾಡಿದಿರಿ ಸರಿ, ನಮ್ಮ ದಾರಿಗೆ ಎಷ್ಟು ಕಡೆ ಸೇತುವೆ ಹಾಕಿದಿರಿ?